ಪಿಕಪ್ಪಿನ ಬೆನ್ನ ಮೇಲಿನ ಬಿ.ಎ.

ಹೊಸದಾಗಿ ಪಿಕಪ್ ಹಿಡಿದ ಹುಡುಗರು ಈಗಲೂ ನಮ್ಮ ಮನೆ ಕಡೆ ಬರುತ್ತಾರೆ. "ಅಣ್ಣಾ, ಲೋಡು ಎಷ್ಟು ಹಾಕ್ಬೋದು?" ಎಂದು ಕೇಳುತ್ತಾರೆ. ಎಷ್ಟು ಎನ್ನುವುದು ಗಾಡಿಯ ಕಾಗದದಲ್ಲೇ ಇದೆ, ಅದನ್ನು ಓದಿ ಹೇಳಲು ನಾನು ಬೇಕಿಲ್ಲ. ಎಲ್ಲಿ ಹಾಕಬೇಕು, ಹೇಗೆ ಕಟ್ಟಬೇಕು, ಹಾಕುವ ಹೊತ್ತಿಗೆ ಗಾಡಿಯ ಕೀ ಯಾರ ಜೇಬಿನಲ್ಲಿರಬೇಕು ಎನ್ನುವುದು ಕೇಳಬೇಕಾದ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ಓದಿದವರ ಚಟ. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ನಾನು ಓದಿದವನು. ಬಿ.ಎ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಸಹಿ ಹಾಕಿದವರೇ ಇಲ್ಲ, ಎಲ್ಲರದೂ ಹೆಬ್ಬೆಟ್ಟು. ಅಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತೂ ಹೊತ್ತೂ ನೆತ್ತಿಯ ಕೂದಲನ್ನೇ ಕಳೆದುಕೊಂಡಿದ್ದ. ನಾನು ಟೇಕಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬಾಗಿಲಲ್ಲಿ ನೇತಾಡಿಕೊಂಡು ಹೋಗಿ ಡಿಗ್ರಿ ಮುಗಿಸಿದೆ. ಐಚ್ಛಿಕ ಕನ್ನಡ. ನಾನಾರ್ಥ ಪದಗಳಲ್ಲಂತೂ ನನ್ನನ್ನು ಹಿಡಿಯುವವರು ಇರಲಿಲ್ಲ. ಒಂದು ಪದ ಕೊಟ್ಟರೆ ಅದರ ಅರ್ಥಗಳನ್ನೆಲ್ಲ ಬಡಬಡ ಹೇಳುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಕಳೆಯಲು ಬೇಕಾಗುತ್ತದೆ.

ಮೇಷ್ಟ್ರ ಕೆಲಸಕ್ಕೆ ಅಲೆದೆ, ಸಿಗಲಿಲ್ಲ. ಡ್ರೈವಿಂಗ್ ಬರುತ್ತಿತ್ತು. ಮಾಲೂರಿನ ವೆಂಕಟರವಣಪ್ಪನವರ ಬಳಿ ಪಿಕಪ್ ಓಡಿಸಲು ಸೇರಿದೆ. ನೀಲಿ ಬಣ್ಣದ ಗಾಡಿ. ಹಿಂದಿನ ಡೋರಿನ ಮೇಲೆ ಡ್ರೈವರ್ ಹೆಸರು ಬರೆಸಿಕೊಳ್ಳಲು ಯಜಮಾನರು ಅಪ್ಪಣೆ ಕೊಟ್ಟರು. ನಾನು ಹೆಸರನ್ನು ಸಣ್ಣದಾಗಿ ಬರೆಸಿ, ಪಕ್ಕದಲ್ಲಿ 'ಬಿ.ಎ.' ಎಂದು ಬದನೆಕಾಯಿ ಗಾತ್ರದ ಹಳದಿ ಅಕ್ಷರಗಳಲ್ಲಿ ಬರೆಸಿದೆ.

ಯಜಮಾನರು ಸೊಂಟದ ಮೇಲೆ ಕೈಯಿಟ್ಟು ಡೋರನ್ನೇ ನೋಡಿದರು.

"ಗಾಡಿ ನಂದು, ಡಿಗ್ರಿ ನಿಂದು. ಇರ್ಲಿ. ಆದ್ರೆ ಒಂದ್ ಮಾತು ಕೇಳ್ಲಾ. ಈ ಗಾಡಿಯಿಂದ ಒಂದೇ ಒಂದ್ ಲೋಡ್ ಕೆಳಕ್ ಬಿತ್ತೋ, ನಾನೇ ಬ್ರಷ್ ಹಿಡ್ಕೊಂಡ್ ಬಂದು ಈ ಬಿ.ಎ. ಅಳಿಸ್ತೀನಿ. ಜನ ಬಿದ್ದಿದ್ನೂ ನೋಡಿ, ಬರ್ದಿದ್ನೂ ಓದಿ, ಎರಡೆರಡು ಸಲ ನಗೋದ್ ಬ್ಯಾಡ."

"ಆಯ್ತು ಯಜಮಾನ್ರೇ" ಎಂದೆ. ಆದರೆ ಆ ಅಕ್ಷರ ಅಳಿಸುವಂತಿರಲಿಲ್ಲ. ಯಾಕೆಂದರೆ ಅಷ್ಟರಲ್ಲಾಗಲೇ ನಮ್ಮಮ್ಮ ಆ ಎರಡು ಅಕ್ಷರ ಕಲಿತುಬಿಟ್ಟಿದ್ದಳು. ಓದು ಬಾರದವಳು. ಟೇಕಲ್ ರೈಲ್ವೆ ಗೇಟಿನ ಹತ್ತಿರ ಹಸು ಮೇಯಿಸುತ್ತ ನಿಂತಿರುತ್ತಿದ್ದಳು. ಎದುರಿನಿಂದ ಬಂದರೆ ನಮ್ಮ ಗಾಡಿಯೂ ಅವಳಿಗೆ ಎಲ್ಲರ ಗಾಡಿಯಂತೆಯೇ. ದಾಟಿ ಹೋದ ಮೇಲೆ ಹಿಂದಿನ ಡೋರು ನೋಡಿ, "ಅಗೋ, ಬಿ.ಎ. ಹೋದ!" ಎಂದು ಹಸುವಿಗೆ ಹೇಳುತ್ತಿದ್ದಳಂತೆ. ಹಾಗಾಗಿ ನಮ್ಮಮ್ಮನ ಆಶೀರ್ವಾದವೆಲ್ಲ ನನಗೆ ಬೆನ್ನ ಕಡೆಯಿಂದಲೇ ಸಿಕ್ಕಿದ್ದು. ಆ ಅಕ್ಷರ ಅಳಿಸಿದರೆ ಅವಳು ಓದುವುದಕ್ಕೆ ಈ ಲೋಕದಲ್ಲಿ ಇನ್ನೇನೂ ಉಳಿಯುತ್ತಿರಲಿಲ್ಲ.

ಮೊದಲ ಗಂಡಾಂತರ ಬಂದದ್ದು ಅಪ್ಪ ದುಡಿದ ಇಟ್ಟಿಗೆ ಗೂಡಿನಲ್ಲೇ. ನನ್ನ ಜೊತೆ ಲೋಡು ಮಾಡಲು ಚಲಪತಿ ಎಂಬುವನಿದ್ದ. ಮುಳಬಾಗಿಲು ಕಡೆಯವನು, ನನ್ನದೇ ವಯಸ್ಸು, ಮನೆಮಾತು ತೆಲುಗು. ಬೈದರೆ ತೆಲುಗಿನಲ್ಲಿ, ಬೈಸಿಕೊಂಡರೆ ಕನ್ನಡದಲ್ಲಿ. ಅವತ್ತು ಅವನು ಬೀಡಿ ಸೇದುತ್ತ ನಿಂತ, ನಾನು ಕ್ಯಾಬಿನ್ನಿನಲ್ಲಿ ಪೇಪರ್ ಓದುತ್ತ ಕುಳಿತೆ. ಗೂಡಿನವರು ಕೈಗೆ ಹತ್ತಿರ ಎಂದು ಇಟ್ಟಿಗೆಯನ್ನೆಲ್ಲ ಬಾಡಿಯ ಹಿಂದಿನ ತುತ್ತತುದಿಯಲ್ಲೇ ಜೋಡಿಸುತ್ತ ಬಂದರು. ಗಾಡಿ ಏರಿನಲ್ಲಿ ನಿಂತಿತ್ತು. ಓದುತ್ತಿದ್ದ ನನಗೆ ಪೇಪರಿನ ಆಚೆ ರಸ್ತೆ ಕಾಣದೆ ಮೋಡ ಕಾಣಿಸತೊಡಗಿತು. ಮುಂದಿನ ಚಕ್ರಗಳೆರಡೂ ನೆಲ ಬಿಟ್ಟಿದ್ದವು! ಬಿಸ್ಕತ್ತಿಗೆ ಎರಡು ಕಾಲೆತ್ತಿ ನಿಲ್ಲುವ ನಾಯಿಯ ಹಾಗೆ ಗಾಡಿ ನಿಂತಿತ್ತು, ಒಳಗೆ ನಾನು.

"ಲೇ ಬಿ.ಎ., ಎಲ್ಲಿಗ್ ಹೊರಟ್ಯೋ? ಮೇಲಕ್ಕಾ?" ಎಂದು ಚಲಪತಿ ಕೆಳಗಿನಿಂದ ಕೂಗಿದ.

ಗೂಡಿನವರೆಲ್ಲ ಬಾನೆಟ್ಟಿಗೆ ನೇತುಬಿದ್ದು ಗಾಡಿಯನ್ನು ಇಳಿಸಿದರು. ಭಾರ ಹಿಂದಿನ ಚಕ್ರಕ್ಕಿಂತ ಮುಂದಿರಬೇಕು, ಕ್ಯಾಬಿನ್ನಿಗೆ ಒತ್ತಿಕೊಂಡಿರಬೇಕು, ಎಡಬಲ ಸಮ ಇರಬೇಕು, ತಗ್ಗಿನಲ್ಲಿರಬೇಕು. ಬಾಲದ ಮೇಲೆ ಭಾರ ಬಿದ್ದರೆ ಸ್ಟೀರಿಂಗ್ ಕೈಗೆ ಹಗುರವಾಗುತ್ತದೆ. ಹಗುರವಾದ ಸ್ಟೀರಿಂಗ್ ಸುಖ ಕೊಡುತ್ತದೆ, ಆದರೆ ಗಾಡಿ ಮಾತು ಕೇಳುವುದಿಲ್ಲ. ಇದನ್ನು ಕಲಿತದ್ದು ಅವತ್ತು.

ಸುದ್ದಿ ಯಜಮಾನರಿಗೆ ಮುಟ್ಟಿತು. ನನ್ನ ಬಳಿ ಉತ್ತರ ತಯಾರಿತ್ತು.

"ಲೋಡು ಬಿದ್ದಿಲ್ಲ ಯಜಮಾನ್ರೇ. ಗಾಡಿ ಎದ್ದಿದೆ."

ಅವರು ನನ್ನನ್ನೇ ದಿಟ್ಟಿಸಿ, "ನಿಂಗೆ ಕನ್ನಡ ಓದ್ಸಿದ್ದೇ ತಪ್ಪು ಕಣೋ" ಎಂದು ಎದ್ದು ಹೋದರು.

ಎರಡನೆಯದು ಕ್ಯಾಲನೂರಿನ ಸೀಮೆಹಸು. ಜೀವವಿರುವ ಲೋಡು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅದಕ್ಕೂ ಒಂದು ಅಭಿಪ್ರಾಯವಿರುತ್ತದೆ. ಗಾಡಿಯ ಬಾಡಿಯಲ್ಲಿ ಮರಳು ಹಾಸಿ, ತಲೆ ಮುಂದಕ್ಕೆ ಮಾಡಿ ಕಟ್ಟಿದೆವು. ಅಲ್ಲಿಯವರೆಗೆ ಸರಿ. ಕ್ಯಾಬಿನ್ನಿನ ಹಿಂದಿನ ಗಾಜು ಸರಿಸಿದ್ದನ್ನು ಮರೆತಿದ್ದೆವು. ದಾರಿಯುದ್ದಕ್ಕೂ ಅದು ಆ ಕಿಟಕಿಯಿಂದ ಮೂತಿ ತೂರಿಸಿ ನನ್ನ ಕತ್ತು ನೆಕ್ಕಿತು. ಹಸುವಿನ ನಾಲಿಗೆ ಎಂದರೆ ಉಪ್ಪುಕಾಗದ. ನಾನು ಕಚಗುಳಿಗೆ ಕಿಸಿಕಿಸಿ ನಗುತ್ತ ಓಡಿಸಿದೆ, ಚಲಪತಿ ನನ್ನನ್ನು ನೋಡಿ ನಕ್ಕ. ಊರು ಮುಟ್ಟಿ ಡೋರು ತೆಗೆದದ್ದೇ ತಡ, ಹಲಗೆ ಇಡುವುದಕ್ಕೂ ಕಾಯದೆ ಹಸು ಚಂಗನೆ ನೆಗೆದು, ಕೊಂಡವರ ಮನೆಯ ಹಿತ್ತಿಲಿಗೆ ನುಗ್ಗಿ ಹೀರೇಬಳ್ಳಿ ತಿನ್ನತೊಡಗಿತು.

"ಬಿತ್ತಂತೆ?" ಎಂದರು ಯಜಮಾನರು.

"ಬಿದ್ದಿಲ್ಲ, ಇಳಿದಿದೆ. ತಾನಾಗೇ."

ಬಿ.ಎ. ಉಳಿಯಿತು. ಡಿಗ್ರಿಯಲ್ಲಿ ಕಲಿತ ಕ್ರಿಯಾಪದಗಳು ಹೀಗೆ ನನ್ನ ಕೈ ಹಿಡಿಯುತ್ತಿದ್ದವು.

ಶ್ರೀನಿವಾಸಪುರದ ಮಾವಿನ ಸೀಸನ್ನಿನಲ್ಲಿ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸುತ್ತಿದ್ದೆವು. ಈಗ ಬೆಲ್ಟು ಬಂದಿದೆ, ಕಟಕಟ ಎನ್ನಿಸಿದರೆ ಬಿಗಿಯುತ್ತದೆ. ಆಗ ಬರೀ ಹಗ್ಗ. ಚಲಪತಿ ಒಂದು ಕಾಲನ್ನು ಚಕ್ರಕ್ಕೆ ಕೊಟ್ಟು ಹಗ್ಗ ಎಳೆದರೆ ಗಾಡಿಯೇ ಮುಲುಗುತ್ತಿತ್ತು. ಆದರೂ ಸ್ವಲ್ಪ ದೂರ ಓಡಿದ ಮೇಲೆ ಲೋಡು ಕುಲುಕಿ ಕೂರುತ್ತದೆ, ಹಗ್ಗ ಸಡಿಲವಾಗುತ್ತದೆ. ಹೊರಟ ಊರಿನ ಹೊರಗೆ ಒಮ್ಮೆ ನಿಲ್ಲಿಸಿ, ಇಳಿದು, ಹಗ್ಗಕ್ಕೆ ಕೈ ಬಡಿದು ನೋಡಬೇಕು. ಟಂಗ್ ಎಂದರೆ ಸರಿ, ಪತ್ ಎಂದರೆ ಮತ್ತೆ ಬಿಗಿಯಬೇಕು. ನಾವು ನಿಲ್ಲಿಸುತ್ತಿದ್ದ ಜಾಗದಲ್ಲಿ ಒಂದು ಚಹಾ ಅಂಗಡಿ ಇದ್ದದ್ದರಿಂದ ಈ ನಿಯಮವನ್ನು ನಾವು ಒಂದು ದಿನವೂ ತಪ್ಪಿಸಲಿಲ್ಲ. ಅರ್ಧ ಲೋಡನ್ನು ಒಂದು ಕಡೆ ಇಳಿಸಿದರೆ ಉಳಿದರ್ಧವನ್ನು ಮತ್ತೆ ಜೋಡಿಸಿ ಕಟ್ಟಬೇಕು ಎನ್ನುವುದೂ ನೆನಪಿರಲಿ. ಖಾಲಿ ಜಾಗ ಸಿಕ್ಕರೆ ಮಾವಿನಹಣ್ಣೂ ಓಡಾಡುತ್ತದೆ.

ಇನ್ನು ಗುಂಡುಕಲ್ಲಿನ ಕಥೆ.

ರಾಗಿ ತೆನೆ ತುಳಿಸಲು ಕಣದಲ್ಲಿ ಎತ್ತು ಕಟ್ಟಿ ಎಳೆಸುತ್ತಿದ್ದ ಉರುಳೆ ಕಲ್ಲು ಅದು. ಒಂದು ತುದಿ ದಪ್ಪ, ಇನ್ನೊಂದು ತುದಿ ತುಸು ಸಣ್ಣ, ಕಣದಲ್ಲಿ ತಾನಾಗಿ ಸುತ್ತು ಬರಲೆಂದು. ಶ್ರೀನಿವಾಸಪುರದ ಆಚೆಯ ಹಳ್ಳಿಯಲ್ಲಿ ಗಂಗುಲಮ್ಮ, ನಮ್ಮ ಟೇಕಲ್‌ನಲ್ಲಿ ಪಾಪಮ್ಮ, ಇಬ್ಬರೂ ಅಕ್ಕತಂಗಿಯರು. ಅವರ ಅಪ್ಪ ಬಿಟ್ಟುಹೋದದ್ದು ಒಂದೇ ಗುಂಡುಕಲ್ಲು. ಒಂದು ಸುಗ್ಗಿ ಅಕ್ಕನ ಮನೆಯಲ್ಲಿ, ಮುಂದಿನ ಸುಗ್ಗಿ ತಂಗಿಯ ಮನೆಯಲ್ಲಿ ಇರಬೇಕೆಂದು ಅವರಪ್ಪನೇ ಹೇಳಿ ಹೋಗಿದ್ದ. ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಟ್ರಾಕ್ಟರಿನಲ್ಲಿ ಕಲ್ಲು ಅಕ್ಕನ ಮನೆಗೂ ತಂಗಿಯ ಮನೆಗೂ ಓಡಾಡುತ್ತಿತ್ತು. ಈಗ ಯಾರೂ ಅದರಲ್ಲಿ ರಾಗಿ ತುಳಿಸುವುದಿಲ್ಲ. ರಸ್ತೆಯ ಮೇಲೆ ಹರಡಿದರೆ ಬಸ್ಸು, ಲಾರಿಗಳೇ ತುಳಿದುಕೊಡುತ್ತವೆ. ಆದರೂ ಕಲ್ಲಿಗೆ ಪೂಜೆ ಮಾಡಬೇಕು, ಅದು ಬರಬೇಕು, ಹೋಗಬೇಕು. ಆ ವರ್ಷ ಅದನ್ನು ತರುವ ಸರದಿ ನಮ್ಮ ಪಿಕಪ್ಪಿಗೆ ಬಂತು.

"ಕಲ್ಲು ಜೋಪಾನ ಕಣಪ್ಪ. ನಮ್ಮಪ್ಪ ಇದ್ದಂಗೆ ಅದು" ಎಂದು ಪಾಪಮ್ಮ ಹೇಳಿ ಕಳಿಸಿದಳು.

ಉರುಳುವ ವಸ್ತುವಿನ ಲೋಡು ನನಗೆ ಅದೇ ಮೊದಲು. ತುಂಬ ಯೋಚಿಸಿ, ಹಳೇ ಟೈರುಗಳು, ಉರುಳದಂತೆ ಕೊಡಲು ಮರದ ಅಡೆಗಳು, ಉದ್ದನೆಯ ಬಾವಿ ಹಗ್ಗ, ಎಲ್ಲ ಹೊತ್ತು ಹೋದೆ. ಟೈರನ್ನು ಅಡ್ಡ ಮಲಗಿಸಿ ಅದರ ಹೊಟ್ಟೆಯಲ್ಲಿ ಕಲ್ಲನ್ನು ಕೂರಿಸಿದರೆ ಎತ್ತಲೂ ಉರುಳದು ಎನ್ನುವುದು ನನ್ನ ಲೆಕ್ಕ. ಗಂಗುಲಮ್ಮನ ಕಣ ಒಂದು ದಿಬ್ಬದ ಮೇಲಿತ್ತು. ದಿಬ್ಬದ ಅಂಚಿಗೆ ಗಾಡಿಯ ಹಿಂಭಾಗ ಒತ್ತಿ ನಿಲ್ಲಿಸಿದರೆ ಬಾಡಿಯ ತಳವೂ ಕಣವೂ ಒಂದೇ ಮಟ್ಟ. ಎತ್ತುವ ಗೋಜೇ ಇಲ್ಲ, ಉರುಳಿಸಿದರೆ ಸಾಕು. ಗಾಡಿಯ ಮುಂದೆ ಊರಿನ ಸಿಮೆಂಟ್ ರಸ್ತೆ, ಇಳಿಜಾರು. ರಸ್ತೆಯ ತುಂಬ ಗಂಗುಲಮ್ಮನದೇ ರಾಗಿ ತೆನೆ ಹರಡಿತ್ತು. ರಸ್ತೆಯ ಬದಿಗೆ ಅವರದೇ ಹುಲ್ಲಿನ ಗುಡ್ಡೆ. ಇಳಿಜಾರಲ್ವಾ ಎಂದು ನಾನು ಸೀಟಿನಲ್ಲೇ ಕುಳಿತು ಬ್ರೇಕ್ ತುಳಿದಿದ್ದೆ. ಎಂಜಿನ್ ಓಡುತ್ತಿತ್ತು.

ಚಲಪತಿ ಬಾಡಿಯೊಳಗೆ ಟೈರು ಹಿಡಿದು ನಿಂತ. ಗಂಗುಲಮ್ಮನ ಅಳಿಯಂದಿರು ಹಿಂದಿನಿಂದ ಕಲ್ಲು ತಳ್ಳಿದರು. ಅಳಿಯಂದಿರದೂ ಚಲಪತಿಯಂತೆ ತೆಲುಗು.

"ರಾನೀ, ರಾನೀ, ಇಂಕ ಕೊಂಚೆಂ..." ಬರಲಿ, ಬರಲಿ, ಇನ್ನು ಸ್ವಲ್ಪ ಎಂದು ಚಲಪತಿ ಹೇಳುತ್ತಿದ್ದ.

ಕಲ್ಲಿನ ಅರ್ಧ ಮೈ ಬಾಡಿಯ ಮೇಲೆ ಬಂತು. ಇನ್ನು ತಳ್ಳಬೇಡಿ, ನಾನು ಟೈರು ಇಡುತ್ತೇನೆ ಎನ್ನಬೇಕಿತ್ತು ಅವನು. ಅಂದ.

"ಚಾಲು! ಚಾಲು! ಚಾಲು!"

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕೋಲಾರದ ಸೀಮೆಯಲ್ಲಿ ಹುಟ್ಟಿ ತೆಲುಗು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಸ್ಟೀರಿಂಗ್ ಹಿಡಿದವನ ಕಿವಿಗೆ ಗಾಡಿ ಚಾಲು ಮಾಡು, ಮೋಟ್ರು ಚಾಲು ಮಾಡು ಎನ್ನುವ ನಮ್ಮ ಕನ್ನಡದ ಚಾಲೇ ಮೊದಲು ಕೇಳುವುದು. ಅದೂ ಮೂರು ಸಲ ಕೂಗಿದರೆ ಅವಸರ ಇದೆ ಎಂದೇ ಅರ್ಥ. ನಾನಾರ್ಥ ಪದಗಳ ಸರದಾರ ನಾನು ಕ್ಲಚ್ ಬಿಟ್ಟೆ.

ಗಾಡಿ ಮುಂದಕ್ಕೆ ನೆಗೆಯಿತು. ಕಲ್ಲು ಅಲ್ಲೇ ನಿಂತಿತು. ಅದರ ಕೆಳಗೆ ಈಗ ಏನೂ ಇರಲಿಲ್ಲ.

ಧಡ್ ಎಂದಿತು ನೆಲ. "ಅಯ್ಯಯ್ಯೋ, ಪೋಯಿಂದಿ!" ಹೋಯಿತು ಎಂದು ಅಳಿಯಂದಿರು ಚೀರಿದರು. ಚಲಪತಿ ಬಾಡಿಯ ಕಂಬಿಗೆ ಕೋತಿಯಂತೆ ಜೋತುಬಿದ್ದಿದ್ದ. ನಾನು ಕನ್ನಡಿಯಲ್ಲಿ ನೋಡಿದೆ. ಗುಂಡುಕಲ್ಲು ನನ್ನ ಹಿಂದೆಯೇ ಇಳಿಜಾರಿನಲ್ಲಿ ಉರುಳಿ ಬರುತ್ತಿತ್ತು! ಲೋಡು ಗಾಡಿಯ ಮೇಲೆ ಬರುವುದು ಲೋಕರೂಢಿ. ಗಾಡಿಯನ್ನು ಅಟ್ಟಿಸಿಕೊಂಡು ಬರುವುದನ್ನು ನಾನು ಅವತ್ತೇ ನೋಡಿದ್ದು.

"ಪೋನೀ ರಾ, ಪೋನೀ! ಬೇಗ ಹೋಗೋ ಬಿ.ಎ.!" ಚಲಪತಿ ಎರಡು ಭಾಷೆಯಲ್ಲೂ ಅರಚಿದ.

ರಾಗಿ ಕೆದಕುತ್ತಿದ್ದ ಹೆಂಗಸರು ಸೀರೆ ಎತ್ತಿಕೊಂಡು ಜಗಲಿ ಹತ್ತಿದರು. ಕೋಳಿಗಳು ಹಾರಿದವು. ನಾನು ರಾಗಿಯ ಮೇಲೆ ಹೋದೆ, ಕಲ್ಲೂ ರಾಗಿಯ ಮೇಲೆ ಬಂತು, ಜರಜರಜರ ಎಂದು ತೆನೆ ತುಳಿಯುತ್ತ. ಆಮೇಲೆ, ಒಂದು ತುದಿ ಸಣ್ಣದಲ್ಲವೇ, ತನ್ನ ಹಳೆಯ ಅಭ್ಯಾಸದಂತೆ ನಿಧಾನಕ್ಕೆ ಪಕ್ಕಕ್ಕೆ ತಿರುಗಿ, ಕಣ ಸುತ್ತುವ ಗತ್ತಿನಲ್ಲಿ ಹೋಗಿ ಹುಲ್ಲಿನ ಗುಡ್ಡೆಯೊಳಗೆ ತಲೆ ಹುದುಗಿಸಿ ಮಲಗಿತು.

ಯಾರಿಗೂ ಏನೂ ಆಗಲಿಲ್ಲ, ಕಲ್ಲಿಗೂ ಸಹ. ನಾನು ಇಳಿದು ಬಂದೆ. ಗಂಗುಲಮ್ಮ ಬೈಯುತ್ತಾಳೆ ಎಂದುಕೊಂಡರೆ, ಆಕೆ ಕಲ್ಲು ಹೋದ ದಾರಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ರಾಗಿಯನ್ನು ಬೊಗಸೆಯಲ್ಲಿ ಎತ್ತಿ ಊದಿ ನೋಡುತ್ತಿದ್ದಳು.

"ನೋಡ್ರೇ, ಎಷ್ಟ್ ಚೆನ್ನಾಗ್ ಬಿಟ್ಟೈತೆ ಕಾಳು! ಬಸ್ಸು ತುಳುದ್ರೆ ಹಿಂಗ್ ಬರ್ತೈತಾ? ನಮ್ಮಪ್ಪನ್ ಕಲ್ಲು, ಕೆಲ್ಸ ಮಾಡ್ದೆ ಈ ಊರ್ ಬಿಡಾಕಿಲ್ಲ ಅಂದ್ಬಿಡ್ತಲ್ಲೋ!" ಎಂದು ನಗತೊಡಗಿದಳು. ನಗುತ್ತಲೇ ಟೇಕಲ್‌ಗೆ ಫೋನ್ ಮಾಡಿ ತಂಗಿಗೆ ಎಲ್ಲವನ್ನೂ ಹೇಳಿದಳು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಪಾಪಮ್ಮನಿಗೆ ಹೇಳಿದರೂ ಒಂದೇ, ಮಾಲೂರು ಸಂತೆಯಲ್ಲಿ ಮೈಕಿನಲ್ಲಿ ಸಾರಿದರೂ ಒಂದೇ.

"ಚಾಲು ಅಂದ್ರೆ ಸಾಕು ಅಂತ ಕಣೋ!" ಎಂದ ಚಲಪತಿ.

"ಚಾಲು ಅಂದ್ರೆ ಶುರು ಅಂತ ಕಣೋ!" ಎಂದೆ ನಾನು.

"ಡಿಗ್ರಿ ಓದಿದ್ ನೀನಾ, ನಾನಾ?"

"ಕನ್ನಡದಲ್ಲಿ ಓದಿದ್ದು ಕಣೋ, ನಿಮ್ಮ ತೆಲುಗಲ್ಲಲ್ಲ!"

ಎತ್ತು ಕಟ್ಟಿ ಕಲ್ಲನ್ನು ಮತ್ತೆ ದಿಬ್ಬಕ್ಕೆ ಎಳೆಸಿದೆವು. ಗಾಡಿಯನ್ನು ಅಂಚಿಗೆ ಒತ್ತಿ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಚಕ್ರಗಳಿಗೆ ಸಣ್ಣ ಕಲ್ಲು ಅಡ್ಡ ಕೊಟ್ಟೆ. ಅವತ್ತಿನಿಂದ ಲೋಡು ಮುಗಿದು, ಡೋರು ಹಾಕಿ, ಹಗ್ಗ ಬಿಗಿಯುವವರೆಗೆ ಕೀ ನನ್ನ ಜೇಬು ಬಿಟ್ಟು ಹೊರಬಂದಿಲ್ಲ. ಬಾಯಿ ಮಾತಿಗೂ ನಿಯಮ ಮಾಡಿದೆವು. ಬಸ್ ಕಂಡಕ್ಟರನ ಹಾಗೆ, ಹೋಗುವುದಕ್ಕೆ ರೈಟ್, ನಿಲ್ಲುವುದಕ್ಕೆ ಹೋಲ್ಡಾನ್. ಬೇರೆ ಪದವೇ ಇಲ್ಲ. ಎರಡು ಭಾಷೆಯ ಜನ ಸೇರಿ ಕಲ್ಲು ಎತ್ತುವ ಊರುಗಳಲ್ಲಿ ಲೋಡು ಮಾಡುವ ಹುಡುಗರೇ, ಮೊದಲು ಪದವನ್ನು ಕಟ್ಟಿ, ಆಮೇಲೆ ಹಗ್ಗ ಕಟ್ಟಿ.

ಎರಡನೇ ಸಲ ಕಲ್ಲು ಸುಸೂತ್ರವಾಗಿ ಏರಿ, ಕ್ಯಾಬಿನ್ನಿನ ಹತ್ತಿರ ಟೈರಿನ ಹೊಟ್ಟೆಯಲ್ಲಿ ಕೂತಿತು. ಹಿಂದೆ ಮುಂದೆ ಅಡೆ ಕೊಟ್ಟು, ಹಗ್ಗವನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಾಕಿ ಬಿಗಿದೆವು. ರಸ್ತೆಯ ಹಂಪುಗಳಲ್ಲಿ ಗಾಡಿಯನ್ನು ಮಗುವಿನಂತೆ ದಾಟಿಸಿದೆ. ಮುಂದಿನ ಗಾಡಿಗೂ ನನಗೂ ಒಂದು ಹೊಲದಷ್ಟು ದೂರ ಬಿಟ್ಟೆ, ಭಾರ ಹೊತ್ತ ಗಾಡಿ ಬ್ರೇಕ್ ಹಾಕಿದ ಕಡೆ ನಿಲ್ಲುವುದಿಲ್ಲ. ಕೋಲಾರ ದಾಟುವ ಮೊದಲು ನಿಲ್ಲಿಸಿ ಹಗ್ಗ ಬಡಿದೆ. ಟಂಗ್. ಆಗಲೇ ಫೋನ್ ಬಂತು.

"ಬಿತ್ತಂತೆ?" ಎಂದರು ಯಜಮಾನರು.

ಎದ್ದಿದೆ, ಇಳಿದಿದೆ, ಹೊರಳಿದೆ, ಜಾರಿದೆ. ಡಿಗ್ರಿಯಲ್ಲಿ ಕಲಿತ ಕ್ರಿಯಾಪದಗಳನ್ನೆಲ್ಲ ತಡಕಾಡಿದೆ. ಒಂದೂ ಹೊಂದಲಿಲ್ಲ. ಧಡ್ ಎಂದ ಸದ್ದು ಇಡೀ ಊರಿಗೆ ಕೇಳಿಸಿತ್ತಲ್ಲ.

"ಬಿತ್ತು ಯಜಮಾನ್ರೇ."

"ಟೇಕಲ್‌ಗೆ ಬಾ. ನಾನೂ ಬರ್ತೀನಿ" ಎಂದರು. ಫೋನಿಟ್ಟರು.

ಟೇಕಲ್ ಮುಟ್ಟಿದೆವು. ಗೇಟಿನ ಹತ್ತಿರ ಅಮ್ಮನಿರಲಿಲ್ಲ. ಪಾಪಮ್ಮನ ಮನೆ ಮುಂದೆ ಕಲ್ಲು ನೋಡಲು ಬಂದು ಹಸುವಿನ ಹಗ್ಗ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಸ್ಕೂಟರು. ಸ್ಕೂಟರಿನ ಪಕ್ಕದಲ್ಲಿ ಯಜಮಾನರು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ ನೀಲಿ ಬಣ್ಣದ ಡಬ್ಬಿ, ಗಾಡಿಯದೇ ಬಣ್ಣ. ಬಳಿದರೆ ಬಿ.ಎ. ಇದ್ದ ಗುರುತೂ ಉಳಿಯದು.

ಪಾಪಮ್ಮ ಕಲ್ಲಿಗೆ ಅರಿಶಿನ ಹಚ್ಚಿದಳು. ಕಲ್ಲು ಇಳಿಯಿತು, ಎಲ್ಲರೂ ಕೈ ಮುಗಿದರು. ಯಜಮಾನರು ಡಬ್ಬಿಯ ಮುಚ್ಚಳ ತೆಗೆದು ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತರು. ಬ್ರಷ್ಷನ್ನು ಅದ್ದಿದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಅಷ್ಟರಲ್ಲಿ ಅಮ್ಮ ಹಸು ಎಳೆದುಕೊಂಡು ಅಲ್ಲಿಗೆ ಬಂದಳು. ಮುಖ ಇಷ್ಟಗಲ.

"ಏನ್ ಯಜಮಾನ್ರೇ, ನಮ್ ಹುಡುಗನ್ ಅಕ್ಷರ ಮಾಸೈತೆ ಅಂತ ತಿದ್ದಾಕ್ ಬಂದ್ರಾ? ನಾನೇ ಹೇಳ್ಬೇಕು ಅಂತಿದ್ದೆ. ಈಚೀಚೆಗೆ 'ಎ' ಸರ್ಯಾಗ್ ಕಾಣಾಕಿಲ್ಲ ನಂಗೆ. ನಿಮ್ಮಂತ ಯಜಮಾನ್ರು ಎಲ್ಲಿದ್ದಾರೆ ಹೇಳಿ, ನೀವೇ ಖುದ್ದು ಬಂದಿದ್ದೀರಲ್ಲ!"

ಬ್ರಷ್ಷಿನಿಂದ ಒಂದು ತೊಟ್ಟು ನೀಲಿ ಅವರ ಪಂಚೆಯ ಮೇಲೆ ಬಿತ್ತು. ಅವರು ಅಮ್ಮನನ್ನು ನೋಡಿದರು. ನನ್ನನ್ನು ನೋಡಿದರು. ಡೋರನ್ನು ನೋಡಿದರು.

"ಹೂಂ ಕಣಮ್ಮ. ಅದಕ್ಕೇ ಬಂದೆ" ಎಂದರು.

ಹಳದಿ ಬಣ್ಣ ಅವರ ಬಳಿ ಇರಲಿಲ್ಲ. ಇದ್ದದ್ದು ಅಳಿಸುವ ನೀಲಿ. ಆ ನೀಲಿಯಿಂದಲೇ ಅಕ್ಷರಗಳ ಸುತ್ತ ಧೂಳು ಕೂತು ಮಬ್ಬಾದ ಅಂಚನ್ನು ತಿದ್ದತೊಡಗಿದರು. ನೀಲಿ ಗಾಢವಾದ ಹಾಗೆಲ್ಲ ನಡುವಿನ ಹಳದಿ ಹೊಳೆಯತೊಡಗಿತು. 'ಬಿ'ಯ ಗುಡಿಸು ತಿದ್ದಿದರು. ಚುಕ್ಕಿ ತಿದ್ದಿದರು. ನಾಲಿಗೆ ಕಚ್ಚಿಕೊಂಡು 'ಎ' ತಿದ್ದಿದರು. ಕೈ ಆಡುತ್ತಲೇ ನನಗೆ ಮಾತ್ರ ಕೇಳುವಂತೆ, "ಇನ್ನೊಂದ್ಸಲ ಬೀಳ್ಲಿ, ಆಗೈತೆ ನಿಂಗೆ" ಎಂದರು.

ಚಲಪತಿ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಖುಷಿ ತಡೆಯಲಾರದೆ ಕೂಗಿಬಿಟ್ಟ.

"ಚಾಲು ಯಜಮಾನ್ರೇ, ಚಾಲು!"

ಯಜಮಾನರ ಬ್ರಷ್ಷು ಗಾಳಿಯಲ್ಲೇ ನಿಂತಿತು. "ಏನ್ಲಾ ಚಲಪತಿ, ನಿಲ್ಲಿಸ್ಲಾ, ಶುರು ಮಾಡ್ಲಾ?"

ಪಾಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಜೇಬಿನಲ್ಲಿದ್ದ ಕೀ ಮುಟ್ಟಿ ನೋಡಿಕೊಂಡೆ. ಉತ್ತರ ಕೊಟ್ಟದ್ದು ಅಮ್ಮ.

"ಇನ್ನೊಂದ್ ಕೈ ಹೊಡೀರಿ ಯಜಮಾನ್ರೇ. ಗೇಟ್‌ತಾವ್ಲಿಂದ ನಂಗೆ ಓದಾಕ್ ಬರ್ಬೇಕು."